ಉಪ್ಪಿನಲ್ಲಿ ಮಾಗಿಸಿದ ಬೊಂಡಾಸ್: ಶಿಯೊಕಾರಾ, ಒಜಿಂಗೊ ಜೊತ್ ಮತ್ತು ನಮ್ಮ ಕರಾವಳಿಯ ಅಡುಗೆಮನೆ

ಪ್ರಶ್ನೆ: ಪಡುಕರೆ_ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವನು. ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಿದ್ದೇನೆ. ನಮ್ಮ ಮನೆಯಲ್ಲಿ ಬೊಂಡಾಸ್, ಅಂದರೆ ಸ್ಕ್ವಿಡ್, ತಂದರೆ ಸುಕ್ಕ ಮಾಡುತ್ತಾರೆ, ಇಲ್ಲವೇ ಘೀ ರೋಸ್ಟ್, ಇಲ್ಲವೇ ಉಂಗುರದ ಹಾಗೆ ಕತ್ತರಿಸಿ ಮಸಾಲೆ ಸವರಿ ರವೆಯಲ್ಲಿ ಹೊರಳಿಸಿ ಕಾಯಿಸುತ್ತಾರೆ. ಬಂಗುಡೆಯನ್ನು ಉಪ್ಪು ಹಾಕಿ ಒಣಗಿಸುವುದುಂಟು. ಒಣ ಸಿಗಡಿಯ ಚಟ್ನಿಯಂತೂ ಮಳೆಗಾಲದ ನಿತ್ಯದ ಊಟ. ಆದರೆ ಬೊಂಡಾಸನ್ನು ಉಪ್ಪಿನಲ್ಲಿಟ್ಟು ಮಾಗಿಸಿ, ಗಂಜಿಯೂಟಕ್ಕೆ ಉಪ್ಪಿನಕಾಯಿಯಂತೆ ನಂಜಿಕೊಳ್ಳುವ ಪದ್ಧತಿಯನ್ನು ನಾನು ಊರಿನಲ್ಲಿ ಕಂಡಿಲ್ಲ.

ಈಚೆಗೆ ಇಲ್ಲಿನ ಒಂದು ಕೊರಿಯನ್ ಹೋಟೆಲಿನಲ್ಲಿ ಊಟದ ಜೊತೆ ಕೊಡುವ ಚಿಕ್ಕ ಬಟ್ಟಲುಗಳ ಪೈಕಿ ಒಂದರಲ್ಲಿ ಕೆಂಪಗಿನ, ಸಿಹಿಯೂ ಖಾರವೂ ಇರುವ, ಸ್ವಲ್ಪ ಅಗಿದು ತಿನ್ನಬೇಕಾದ ಬೊಂಡಾಸಿನ ಎಳೆಗಳಿದ್ದವು. ಅದರ ಹೆಸರು ಒಜಿಂಗೊ ಜೊತ್ ಎಂದು ಹೇಳಿದರು. ಅದಾದ ಮೇಲೆ ಜಪಾನಿನಿಂದ ಮರಳಿದ ಸಹೋದ್ಯೋಗಿಯೊಬ್ಬರು ಶಿಯೊಕಾರಾ ಎಂಬುದರ ಒಂದು ಚಿಕ್ಕ ಶೀಶೆಯನ್ನು ತಂದುಕೊಟ್ಟರು. ಇದೂ ಬೊಂಡಾಸೇ, ಇದೂ ಉಪ್ಪಿನಲ್ಲಿಟ್ಟದ್ದೇ. ಆದರೆ ಕಂದುಬಣ್ಣದ ಗಟ್ಟಿ ರಸದಲ್ಲಿ ಮುಳುಗಿದ್ದ ಆ ಚೂರುಗಳ ವಾಸನೆ, ರುಚಿ, ನುಂಗಿದ ಮೇಲೂ ನಾಲಗೆಯಲ್ಲಿ ಬಹಳ ಹೊತ್ತು ಉಳಿಯುವ ಗುಣ, ಎಲ್ಲವೂ ಮೊದಲಿನದಕ್ಕಿಂತ ಪೂರ್ತಿ ಬೇರೆಯಾಗಿದ್ದವು.

ನೆರೆಹೊರೆಯ ಎರಡು ದೇಶಗಳು ಒಂದೇ ಪ್ರಾಣಿಗೆ ಉಪ್ಪು ಹಾಕಿ ಇಷ್ಟು ಬೇರೆಯಾದ ಪದಾರ್ಥಗಳನ್ನು ಮಾಡುವುದು ಹೇಗೆ? ಮಲ್ಪೆಯಿಂದ ತರಿಸಿದ ಬೊಂಡಾಸಿನಿಂದ ಇವುಗಳಲ್ಲಿ ಯಾವುದನ್ನಾದರೂ ಮನೆಯಲ್ಲಿ ಮಾಡಲು ಸಾಧ್ಯವೇ? ಎರಡನ್ನೂ ಬೇಯಿಸುವುದಿಲ್ಲವೆಂದು ಕೇಳಿದ್ದೇನೆ; ಹಾಗಿದ್ದರೆ ಉಪ್ಪೊಂದೇ ನಮ್ಮನ್ನು ಕಾಯುತ್ತದೆಯೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹೊಕ್ಕೈಡೊ_ಕನ್ನಡಿಗ

ನಮಸ್ಕಾರ ಸರ್. ನಾನು ಹೊಕ್ಕೈಡೊ ದ್ವೀಪದಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಇಲ್ಲಿನ ಹಕೊದಾತೆ ಬಂದರು ಬೊಂಡಾಸಿನಿಂದಲೇ ಹೆಸರಾದ ಊರು. ಆದ್ದರಿಂದ ನಿಮ್ಮ ಪ್ರಶ್ನೆಯ ಜಪಾನಿನ ಭಾಗಕ್ಕೆ ನಾನು ಉತ್ತರಿಸುತ್ತೇನೆ.

ನೀವು ಗಮನಿಸಿದ ವ್ಯತ್ಯಾಸದ ಮೂಲವೆಲ್ಲ ಒಂದು ಅಂಗದಲ್ಲಿದೆ. ಶಿಯೊಕಾರಾಕ್ಕೆ ಬೊಂಡಾಸಿನ ಯಕೃತ್ತು ಸೇರುತ್ತದೆ. ಕೊರಿಯಾದವರು ಸಾಮಾನ್ಯವಾಗಿ ಒಳಭಾಗವನ್ನೆಲ್ಲ ತೆಗೆದು ಮೈಯ ಮಾಂಸವನ್ನು ಮಾತ್ರ ಬಳಸುತ್ತಾರೆ. ಯಕೃತ್ತು ಎಂದು ನಾವು ರೂಢಿಯಲ್ಲಿ ಕರೆಯುವುದು ನಿಜವಾಗಿ ಅದರ ಜೀರ್ಣಗ್ರಂಥಿ. ಬೇಟೆಯಾಡಿ ತಿಂದ ಮೀನನ್ನು ಕರಗಿಸಬಲ್ಲ ಕಿಣ್ವಗಳು ಅದರಲ್ಲಿ ತುಂಬಿರುತ್ತವೆ. ಉಪ್ಪು ಸಾಕಷ್ಟಿದ್ದರೆ ಕೊಳೆಸುವ ಬ್ಯಾಕ್ಟೀರಿಯಾ ತಲೆಯೆತ್ತುವುದಿಲ್ಲ, ಆದರೆ ಕಿಣ್ವಗಳು ನಿಧಾನವಾಗಿಯಾದರೂ ತಮ್ಮ ಕೆಲಸವನ್ನು ಮುಂದುವರಿಸುತ್ತವೆ. ಮಾಂಸದ ಪ್ರೋಟೀನು ದಿನದಿಂದ ದಿನಕ್ಕೆ ಒಡೆದು ಗ್ಲುಟಾಮಿಕ್ ಆಮ್ಲವೇ ಮೊದಲಾದ ಅಮೈನೋ ಆಮ್ಲಗಳಾಗುತ್ತದೆ. ನಿಮ್ಮ ನಾಲಗೆಯಲ್ಲಿ ಉಳಿದುಕೊಂಡ ರುಚಿ ಅದೇ. ಅಂದರೆ ಶಿಯೊಕಾರಾದಲ್ಲಿ ಪ್ರಾಣಿಯ ಕಿಣ್ವವೇ ಅದರ ಮಾಂಸವನ್ನು ಪಕ್ವಗೊಳಿಸುತ್ತದೆ. ಮಸಾಲೆಗೆ ಅಲ್ಲಿ ಹೆಚ್ಚಿನ ಪಾತ್ರವಿಲ್ಲ.

ಮಾಡುವ ಕ್ರಮವನ್ನು ಹತ್ತಿರದಿಂದ ನೋಡಿದ್ದೇನೆ. ನನ್ನ ನೆರೆಮನೆಯ ಹಿರಿಯರೊಬ್ಬರು ಪ್ರತಿವರ್ಷ ಶರತ್ಕಾಲ ಬಂದಾಗ, ಬೊಂಡಾಸಿನ ಯಕೃತ್ತು ಕೊಬ್ಬಿ ದಪ್ಪವಾಗುವ ಹೊತ್ತಿಗೆ, ಇದನ್ನು ಮಾಡುತ್ತಾರೆ. ಕೊಳವೆಯಂಥ ಮೈಯೊಳಗೆ ಬೆರಳು ತೂರಿಸಿ, ಒಳಗಿನ ಅಂಟನ್ನು ಮೆಲ್ಲಗೆ ಬಿಡಿಸಿ, ತಲೆಯನ್ನು ಹಿಡಿದು ಎಳೆದರೆ ಒಳಭಾಗವೆಲ್ಲ ಒಂದಾಗಿ ಹೊರಬರುತ್ತದೆ. ಯಕೃತ್ತಿನ ಮೇಲೆ ಬೆಳ್ಳಿಯ ಗೆರೆಯಂತೆ ಅಂಟಿಕೊಂಡಿರುವ ಮಸಿಚೀಲವನ್ನು ತುದಿಯಿಂದ ಹಿಡಿದು, ಎಲ್ಲಿಯೂ ಹರಿಯದಂತೆ ಸುಲಿದು ತೆಗೆಯಬೇಕು. ಅವರು ಮಾತನಾಡುವುದನ್ನು ನಿಲ್ಲಿಸುವುದು ಈ ಒಂದು ಕೆಲಸದ ಹೊತ್ತಿನಲ್ಲಿ ಮಾತ್ರ. ಆಮೇಲೆ ಯಕೃತ್ತನ್ನು ಅದರ ಪೊರೆಯ ಸಮೇತ ತಟ್ಟೆಯಲ್ಲಿಟ್ಟು, ಮೈ ಕಾಣದಷ್ಟು ಉಪ್ಪು ಮುಚ್ಚಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಡುತ್ತಾರೆ. ಬೆಳಿಗ್ಗೆ ನೋಡಿದರೆ ಹಸಿವಾಸನೆಯ ನೀರೆಲ್ಲ ಬಸಿದು, ಯಕೃತ್ತು ಗಟ್ಟಿಯಾಗಿ, ಬಣ್ಣ ಕಡುವಾಗಿರುತ್ತದೆ. ಮೈಯ ಭಾಗವನ್ನು ಬಿಡಿಸಿ, ಚರ್ಮ ಸುಲಿದು, ತೆಳುವಾಗಿ ಉಪ್ಪು ಸವರಿ, ಅದನ್ನೂ ಮುಚ್ಚಳವಿಲ್ಲದೆ ಫ್ರಿಜ್ಜಿನಲ್ಲಿಟ್ಟು ಮೇಲ್ಮೈ ಆರುವಂತೆ ಮಾಡುತ್ತಾರೆ. ಮರುದಿನ ಯಕೃತ್ತಿನ ಉಪ್ಪನ್ನು ಸಾಕೆ ಮದ್ಯದಲ್ಲಿ ತೊಳೆದು, ಪೊರೆಯನ್ನು ಸೀಳಿ, ಒಳಗಿನದನ್ನು ಜರಡಿಯ ಮೇಲೆ ಉಜ್ಜಿ ಇಳಿಸಿ, ಸಣ್ಣ ಎಳೆಗಳಾಗಿ ಕತ್ತರಿಸಿದ ಮಾಂಸದೊಂದಿಗೆ ಬೆರೆಸುತ್ತಾರೆ. ದಿನಕ್ಕೊಮ್ಮೆ ಚೊಕ್ಕಟವಾದ ಚಮಚದಿಂದ ತಿರುವಬೇಕು. ಮೊದಲ ದಿನ ಮಾಂಸ ಬೇರೆ, ರಸ ಬೇರೆ ಎನ್ನುವಂತಿದ್ದದ್ದು ದಿನ ಕಳೆದಂತೆ ಒಂದಕ್ಕೊಂದು ಹತ್ತಿಕೊಂಡು ದಪ್ಪವಾಗುತ್ತದೆ.

ಚರ್ಮದ ಸಮೇತ ಮಾಡುವುದು, ಚರ್ಮ ಸುಲಿದು ಮಾಡುವುದು, ಮಸಿಯನ್ನು ಸೇರಿಸಿ ಕಪ್ಪಾಗಿ ಮಾಡುವುದು ಎಂದು ಮೂರು ಬಗೆಗಳಿವೆ. ಮೂರನೆಯದು ತೊಯಾಮಾ ಪ್ರಾಂತ್ಯದ ವಿಶೇಷ. ತಿನ್ನುವುದು ಯಾವಾಗಲೂ ಚಿಟಿಕೆಯಷ್ಟು: ಬಿಸಿ ಅನ್ನದ ಮೇಲೆ, ಅಥವಾ ಸಾಕೆಯ ಜೊತೆಗೆ. ಹೊಕ್ಕೈಡೊದಲ್ಲಿ ಬೇಯಿಸಿದ ಬಿಸಿ ಆಲೂಗಡ್ಡೆಯನ್ನು ಬಿಡಿಸಿ, ಬೆಣ್ಣೆ ಹಾಕಿ, ಅದರ ಮೇಲೆ ಶಿಯೊಕಾರಾ ಇಟ್ಟು ತಿನ್ನುತ್ತಾರೆ. ಮೊದಲ ಸಲ ರುಚಿ ನೋಡುವವರಿಗೆ ನಾನು ಹೇಳುವುದು ಈ ದಾರಿಯನ್ನೇ, ಏಕೆಂದರೆ ಆಲೂಗಡ್ಡೆ ಉಪ್ಪನ್ನು ಹೀರಿಕೊಂಡು ರುಚಿಯನ್ನಷ್ಟೇ ಉಳಿಸುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇಲ್ಲಿ ಬಳಸುವುದು ಸುರುಮೆ ಇಕಾ ಎಂಬ ಜಾತಿ. ಆಳ ಕಡಲಿನಲ್ಲಿ ಬಹು ದೂರ ಈಜುವ ಈ ಬೊಂಡಾಸ್ ತನ್ನ ಯಕೃತ್ತಿನಲ್ಲಿ ಕೊಬ್ಬನ್ನು ಶೇಖರಿಸುತ್ತದೆ. ದೊಡ್ಡ ಬೊಂಡಾಸಿನಲ್ಲಿ ಅದು ಹೆಬ್ಬೆರಳಿಗಿಂತ ದಪ್ಪವಿರುತ್ತದೆ. ಮಲ್ಪೆ, ಮಂಗಳೂರುಗಳಲ್ಲಿ ಹೆಚ್ಚಾಗಿ ಸಿಗುವುದು ತೀರದ ಹತ್ತಿರ ವಾಸಿಸುವ ಬೇರೆ ಕುಟುಂಬದ ಬೊಂಡಾಸ್. ಅದರ ಮಾಂಸ ಮೆತ್ತಗೆ, ಸಿಹಿಯಾಗಿರುತ್ತದೆ, ಆದರೆ ಯಕೃತ್ತು ತೀರ ಚಿಕ್ಕದು. ಜಪಾನಿನಲ್ಲಿಯೂ ಆ ಕುಟುಂಬದ ಬೊಂಡಾಸನ್ನು ಹಸಿಯಾಗಿ ತಿನ್ನಲು ಮೆಚ್ಚುತ್ತಾರೆಯೇ ಹೊರತು ಶಿಯೊಕಾರಾಕ್ಕೆ ಆರಿಸುವುದಿಲ್ಲ. ಆದ್ದರಿಂದ ಮಲ್ಪೆಯ ಬೊಂಡಾಸಿನಿಂದ ಶಿಯೊಕಾರಾ ಮಾಡಲು ಹೊರಟರೆ ಅದರ ಜೀವಾಳವೇ ಸಾಲದಾಗುತ್ತದೆ. ಬೊಂಡಾಸಿನ ಒಳಭಾಗದಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಶೇಖರವಾಗುವುದೂ ಉಂಟು. ಶಿಯೊಕಾರಾವನ್ನು ಚಿಟಿಕೆಯಷ್ಟೇ ತಿನ್ನುವುದಕ್ಕೆ ಇದೂ ಒಂದು ಒಳ್ಳೆಯ ಕಾರಣ.

ಇನ್ನೊಂದು ಮಾತು. ಸುರುಮೆ ಇಕಾದ ಹಿಡುವಳಿ ಜಪಾನಿನಲ್ಲಿ ತೀವ್ರವಾಗಿ ಕುಸಿದಿದೆ. ಅದರ ಆಯುಸ್ಸು ಸುಮಾರು ಒಂದೇ ವರ್ಷ. ಒಂದು ವರ್ಷ ಮೊಟ್ಟೆಯಿಡುವ ಕಡಲಿನ ಉಷ್ಣತೆ ಒಗ್ಗದಿದ್ದರೆ ಮುಂದಿನ ವರ್ಷದ ಬಲೆ ಬರಿದಾಗುತ್ತದೆ. ಹಕೊದಾತೆಯ ತಯಾರಕರು ಹೊರಗಿನ ಬೊಂಡಾಸ್ ತರಿಸಿಕೊಳ್ಳುವುದನ್ನು ನೋಡುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಉತ್ತರ: ಸೂಕ್ಷ್ಮಜೀವಿ_ಪಾಠ

ನಾನು ಆಹಾರದ ಸೂಕ್ಷ್ಮಜೀವಿಶಾಸ್ತ್ರವನ್ನು ಕಲಿಸುವವಳು. ಪಡುಕರೆಯವರ ಮೂರನೆಯ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಅಗತ್ಯ, ಏಕೆಂದರೆ ಈ ವಿಷಯದಲ್ಲಿ ಬಹಳ ಜನ ಎರಡು ಬೇರೆ ಬೇರೆ ಅಪಾಯಗಳನ್ನು ಒಂದೇ ಎಂದು ತಿಳಿದಿರುತ್ತಾರೆ.

ಮೊದಲನೆಯದು ಬ್ಯಾಕ್ಟೀರಿಯಾ. ಕಡಲಿನ ಮೀನಿನ ಮಟ್ಟಿಗೆ ಮುಖ್ಯವಾದದ್ದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್. 1950ರಲ್ಲಿ ಒಸಾಕಾದಲ್ಲಿ ಸಣ್ಣ ಮೀನು ತಿಂದವರಿಗೆ ಆದ ದೊಡ್ಡ ವಿಷಬಾಧೆಯ ನಂತರ ಜಪಾನಿನ ವಿಜ್ಞಾನಿಗಳೇ ಇದನ್ನು ಮೊದಲು ಗುರುತಿಸಿದರು. ಇದು ಉಪ್ಪನ್ನು ಬಯಸುವ ಜೀವಿ. ಶೇಕಡಾ 3ರ ಆಸುಪಾಸಿನ ಉಪ್ಪಿನಲ್ಲಿ, ಬೆಚ್ಚಗಿನ ವಾತಾವರಣದಲ್ಲಿ ಇದು ಅತಿ ವೇಗವಾಗಿ ಬೆಳೆಯುತ್ತದೆ. ಶೇಕಡಾ 8ರ ವರೆಗೂ ಬೆಳವಣಿಗೆ ಸಾಧ್ಯ. ಹಳೆಯ ಕಾಲದ ಶಿಯೊಕಾರಾದಲ್ಲಿ ಶೇಕಡಾ 10ಕ್ಕೂ ಮೀರಿ ಉಪ್ಪು ಇರುತ್ತಿದ್ದುದರಿಂದ ಅದು ತಾನಾಗಿಯೇ ಕಾಪಾಡುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಶೀಶೆಗಳಲ್ಲಿ ಉಪ್ಪು ಅದರ ಅರ್ಧ ಅಥವಾ ಇನ್ನೂ ಕಡಿಮೆ. ಅವು ಕೆಡದಿರುವುದು ಫ್ರಿಜ್ಜಿನ ಬಲದಿಂದ, ಉಪ್ಪಿನ ಬಲದಿಂದಲ್ಲ. 2007ರಲ್ಲಿ ಜಪಾನಿನಲ್ಲಿ ಕಡಿಮೆ ಉಪ್ಪಿನ ಶಿಯೊಕಾರಾ ತಿಂದು ಹಲವು ಪ್ರಾಂತ್ಯಗಳಲ್ಲಿ ನೂರಾರು ಜನ ಇದೇ ವಿಬ್ರಿಯೊದಿಂದ ಅಸ್ವಸ್ಥರಾದರು. ರುಚಿಗಾಗಿ ಉಪ್ಪನ್ನು ಇಳಿಸಿದರೂ ಮಾಡುವ ಕ್ರಮ ಮಾತ್ರ ಹಳೆಯದೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನ್ನ ತರಗತಿಗೆ ಸಿಕ್ಕಿಲ್ಲ.

ಎರಡನೆಯದು ಅನಿಸಾಕಿಸ್ ಎಂಬ ಹುಳ. ಇದು ಬೊಂಡಾಸಿನ ಮೈಯಲ್ಲಿ ದಾರದ ಸುರುಳಿಯಂತೆ ಇರಬಲ್ಲದು. ಮನೆಯ ಅಡುಗೆಯಲ್ಲಿ ಬಳಸುವ ಪ್ರಮಾಣದ ಉಪ್ಪಿಗಾಗಲಿ, ವಿನೆಗರಿಗಾಗಲಿ ಇದು ಸಾಯುತ್ತದೆಂದು ನಂಬುವಂತಿಲ್ಲ. ಕಡುತಂಪು ಇದಕ್ಕೆ ಮದ್ದು. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಕನಿಷ್ಠ 24 ಗಂಟೆ ಎಂದು ಜಪಾನಿನ ಸೂಚನೆ. ಅಮೆರಿಕದವರು ಅದೇ ತಂಪಿನಲ್ಲಿ 7 ದಿನ ಎನ್ನುತ್ತಾರೆ. ನಮ್ಮ ಮನೆಯ ಫ್ರೀಜರ್ ಮೈನಸ್ 18ಕ್ಕೆ ಇಳಿದರೆ ಹೆಚ್ಚು, ಮತ್ತೆ ಮತ್ತೆ ಬಾಗಿಲು ತೆರೆದರೆ ಅಷ್ಟೂ ಇರುವುದಿಲ್ಲ. ಆದ್ದರಿಂದ 24 ಗಂಟೆಯ ಲೆಕ್ಕವನ್ನು ಮನೆಯ ಫ್ರೀಜರಿಗೆ ಹಾಗೆಯೇ ಅನ್ವಯಿಸಬಾರದು. ಇಷ್ಟಾದ ಮೇಲೂ ನೆನಪಿಡಬೇಕಾದದ್ದೆಂದರೆ, ಹುಳವನ್ನು ಕೊಲ್ಲುವ ಕಡುತಂಪು ವಿಬ್ರಿಯೊವನ್ನು ಪೂರ್ತಿಯಾಗಿ ಕೊಲ್ಲುವುದಿಲ್ಲ, ವಿಬ್ರಿಯೊವನ್ನು ತಡೆಯುವ ಉಪ್ಪು ಹುಳವನ್ನು ಕೊಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ ಮುಗಿಸುವುದು ಬಿಸಿ ಮಾತ್ರ: ಒಳಗಿನವರೆಗೆ 70 ಡಿಗ್ರಿ ಮುಟ್ಟಿದರೆ ಎರಡೂ ಉಳಿಯುವುದಿಲ್ಲ.

ನಮ್ಮ ಮೀನು ದೋಣಿಯಿಂದ ಬಂದರಿಗೆ, ಬಂದರಿನಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಎಷ್ಟು ಸಲ ಮಂಜುಗಡ್ಡೆ ಕರಗಿ ಮತ್ತೆ ತುಂಬಿದೆ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಹಸಿಯಾಗಿ ತಿನ್ನಲೆಂದೇ ಹಿಡಿದು, ಅದಕ್ಕೆ ತಕ್ಕಂತೆ ಜೋಪಾನ ಮಾಡಿದ ಬೊಂಡಾಸ್ ಅಲ್ಲದಿದ್ದರೆ, ಅದನ್ನು ಬೇಯಿಸದೆ ಉಪ್ಪಿನಲ್ಲಿಟ್ಟು ತಿನ್ನಬೇಡಿ ಎಂಬುದೇ ನನ್ನ ನೇರವಾದ ಸಲಹೆ. ಗರ್ಭಿಣಿಯರು, ಪಿತ್ತಜನಕಾಂಗದ ಕಾಯಿಲೆಯಿರುವವರು, ವಯಸ್ಸಾದವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಉತ್ತರ: ಬುಸಾನ್_ಅಡುಗೆಮನೆ

ನಾನು ಕುಂದಾಪುರದವಳು, ಗಂಡನ ಕೆಲಸದಿಂದಾಗಿ ದಕ್ಷಿಣ ಕೊರಿಯಾದ ಬುಸಾನಿನಲ್ಲಿದ್ದೇನೆ. ಮೇಲಿನ ಇಬ್ಬರೂ ಬರೆದದ್ದನ್ನು ಒಪ್ಪುತ್ತಾ ಕೊರಿಯಾದ ಭಾಗವನ್ನು ಸೇರಿಸುತ್ತೇನೆ.

ಜೊತ್ ಅಥವಾ ಜೊತ್ಗಲ್ ಎಂದು ಇಲ್ಲಿ ಕರೆಯುವ ಉಪ್ಪಿನ ಮೀನುಗಳಲ್ಲಿ ಎರಡು ಪಂಗಡಗಳಿವೆ. ಸಣ್ಣ ಸಿಗಡಿಯದು, ಬೊಳಂಜಿರಿನಂಥ ಸಣ್ಣ ಮೀನಿನದು, ಇವು ಮುಖ್ಯವಾಗಿ ಕಿಮ್ಚಿ ಎಂಬ ಹುಳಿಬರಿಸಿದ ತರಕಾರಿಯೊಳಗೆ ಕರಗಿಹೋಗುವ ಪದಾರ್ಥಗಳು. ಬೊಂಡಾಸ್, ಅಷ್ಟಪದಿ, ಪೊಲಾಕ್ ಮೀನಿನ ಮೊಟ್ಟೆ ಇವುಗಳ ಜೊತ್ ತಾನೇ ಒಂದು ನಂಜಿಕೊಳ್ಳುವ ಪಲ್ಯವಾಗಿ ಬಟ್ಟಲಿನಲ್ಲಿ ಬರುತ್ತದೆ. ನೀವು ತಿಂದದ್ದು ಎರಡನೆಯ ಪಂಗಡಕ್ಕೆ ಸೇರಿದ್ದು. ಒಳಭಾಗ ತೆಗೆದ ಬೊಂಡಾಸನ್ನು ಉಪ್ಪಿನಲ್ಲಿಟ್ಟು, ನೀರು ಬಸಿದು, ಎಳೆಗಳಾಗಿ ಕತ್ತರಿಸಿ, ಗೊಚುಗಾರು ಎಂಬ ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಹುರಿದ ಎಳ್ಳು ಮತ್ತು ಧಾನ್ಯದ ಪಾಕ ಸೇರಿಸುತ್ತಾರೆ. ಯಕೃತ್ತು ಇಲ್ಲದ್ದರಿಂದ ಮಾಂಸ ಅಷ್ಟಾಗಿ ಕರಗುವುದಿಲ್ಲ. ಅಗಿಯುವ ಗುಣ ಉಳಿಯುತ್ತದೆ, ಮಸಾಲೆ ಮುಂದೆ ನಿಲ್ಲುತ್ತದೆ. ನಮ್ಮ ಕಡೆಯ ನಾಲಗೆಗೆ ಇದು ಬೇಗ ಹತ್ತಿರವಾಗುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ.

ಪೂರ್ವ ಕರಾವಳಿಯ ಗಾಂಗ್ವಾನ್ ಪ್ರಾಂತ್ಯದಲ್ಲಿ ಇನ್ನೊಂದು ಕ್ರಮವಿದೆ. ಬೇಯಿಸಿದ ನವಣೆಯಂಥ ಧಾನ್ಯವನ್ನೂ ಮೂಲಂಗಿಯನ್ನೂ ಉಪ್ಪಿನ ಮೀನಿನೊಂದಿಗೆ ಕಲಸಿ ಹುಳಿಯಾಗಲು ಬಿಡುತ್ತಾರೆ. ಇದನ್ನು ಸಿಖೆ ಎನ್ನುತ್ತಾರೆ. ಚಪ್ಪಟೆ ಮೀನಿನದು ಹೆಸರುವಾಸಿ, ಬೊಂಡಾಸಿನದೂ ಉಂಟು. ಅಲ್ಲಿ ಧಾನ್ಯದ ಪಿಷ್ಟವನ್ನು ತಿಂದು ಬೆಳೆಯುವ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲವನ್ನು ಮಾಡುತ್ತದೆ, ನಮ್ಮ ಮೊಸರಿನಲ್ಲಿ ಆಗುವಂತೆ. ಉತ್ತರ ಕೊರಿಯಾದ ಹಾಮ್ಗ್ಯಾಂಗ್ ಕಡೆಯಿಂದ ಯುದ್ಧಕಾಲದಲ್ಲಿ ಬಂದು ಸೊಕ್ಚೊ ಊರಿನಲ್ಲಿ ನೆಲೆನಿಂತವರು ಈ ಅಡುಗೆಗಳನ್ನು ತಮ್ಮೊಂದಿಗೆ ತಂದರು. ಹೊಟ್ಟೆಯೊಳಗೆ ಅನ್ನ, ತರಕಾರಿ ತುಂಬಿ ಬೇಯಿಸಿದ ಬೊಂಡಾಸ್ ಕೂಡ ಅದೇ ಊರಿನದು.

ಮಲ್ಪೆಯ ಬೊಂಡಾಸಿನಿಂದ ಬೇಯಿಸಿಯೇ ಮಾಡುವ ಕ್ರಮವನ್ನು ಬರೆಯುತ್ತೇನೆ. ಶುಚಿಮಾಡಿದ ಅರ್ಧ ಕಿಲೊ ಬೊಂಡಾಸಿನ ಚರ್ಮ ಸುಲಿದು, ಒಳಗಿನ ಪ್ಲಾಸ್ಟಿಕ್‌ನಂಥ ಕಡ್ಡಿಯನ್ನು ತೆಗೆದು, ಉದ್ದುದ್ದ ಎಳೆಗಳಾಗಿ ಕತ್ತರಿಸಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿ, ಎಳೆಗಳು ಪೂರ್ತಿ ಬೆಳ್ಳಗಾದ ಮೇಲೂ ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ರಬ್ಬರಿನಂತಾಗುತ್ತದೆ. ಮಂಜುನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಹಿಂಡಿ, 25 ಗ್ರಾಂ ಉಪ್ಪು ಕಲಸಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಮರುದಿನ ಬಸಿದ ನೀರನ್ನು ಚೆಲ್ಲಿ, ಬೀಜ ತೆಗೆದ ಬ್ಯಾಡಗಿ ಮೆಣಸನ್ನು ತರಿತರಿಯಾಗಿ ಪುಡಿಮಾಡಿ ಎರಡು ದೊಡ್ಡ ಚಮಚ ಸೇರಿಸಿ. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗೊಚುಗಾರುವಿನ ಬದಲಿಗೆ ನನಗೆ ಸಿಕ್ಕ ಅತಿ ಒಳ್ಳೆಯ ಮೆಣಸು ಅದೇ. ಜಜ್ಜಿದ ಬೆಳ್ಳುಳ್ಳಿ, ತುರಿದ ಶುಂಠಿ, ಒಂದು ಚಮಚ ಜೇನು, ಹುರಿದ ಎಳ್ಳು ಹಾಕಿ ಕೈಯಿಂದ ಕಲಸಿ, ಗಾಜಿನ ಶೀಶೆಗೆ ಒತ್ತಿ ತುಂಬಿ. ಎರಡನೆಯ ದಿನದಿಂದ ರುಚಿ ಕೂಡಿಬರುತ್ತದೆ. ಬೇಯಿಸಿದ್ದರಿಂದ ಇದು ಮಾಗುವುದಿಲ್ಲ, ಮಸಾಲೆಯನ್ನು ಹೀರಿಕೊಳ್ಳುತ್ತದೆ ಅಷ್ಟೆ. ನಿಜವಾದ ಜೊತ್‌ನ ಆಳ ಇದಕ್ಕಿಲ್ಲ, ಆದರೆ ಕುಚ್ಚಲಕ್ಕಿ ಗಂಜಿಯ ಜೊತೆ ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕು.

ಪಡುಕರೆ_ವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬುಸಾನಿನ ಅಕ್ಕ ಬರೆದ ಕ್ರಮವನ್ನು ಖಂಡಿತ ಮಾಡಿನೋಡುತ್ತೇನೆ. ಇನ್ನೊಂದೆರಡು ಸಂದೇಹಗಳಿವೆ. ಹೀಗೆ ಮಾಡಿದ್ದು ಫ್ರಿಜ್ಜಿನಲ್ಲಿ ಎಷ್ಟು ದಿನ ಇರುತ್ತದೆ? ಚೀನೀ ಹೋಟೆಲುಗಳಲ್ಲಿ ಉಪ್ಪು ಮತ್ತು ಮೆಣಸಿನಲ್ಲಿ ಕರಿದು ಕೊಡುವ ಬೊಂಡಾಸ್ ಕೂಡ ಇದೇ ಪರಂಪರೆಗೆ ಸೇರುತ್ತದೆಯೇ? ಹಾಗೆಯೇ, ನಮ್ಮ ಕರಾವಳಿಯಲ್ಲಿ ಬೊಂಡಾಸನ್ನು ಉಪ್ಪಿನಲ್ಲಿ ಇಡುವ ಪದ್ಧತಿ ಏಕೆ ಬೆಳೆಯಲಿಲ್ಲ?

ಉತ್ತರ: ಸೂಕ್ಷ್ಮಜೀವಿ_ಪಾಠ

ಒಂದು ವಾರದೊಳಗೆ ಮುಗಿಸಿ. ಅರ್ಧ ಕಿಲೊಗೆ 25 ಗ್ರಾಂ ಎಂದರೆ ಶೇಕಡಾ 5. ಇದು ರುಚಿಯ ಉಪ್ಪು, ಕಾಪಾಡುವ ಉಪ್ಪಲ್ಲ. ಕುದಿಸಿದ ಮೇಲೆ ಬೊಂಡಾಸ್ ಶುಚಿಯಾಗಿರುತ್ತದೆ, ಆದರೆ ಕೈ, ಹಲಗೆ, ಹಸಿ ಬೆಳ್ಳುಳ್ಳಿಗಳಿಂದ ಮತ್ತೆ ಸೂಕ್ಷ್ಮಜೀವಿಗಳು ಸೇರುತ್ತವೆ. ಕೈಯಿಂದ ಕಲಸುವಾಗ ಬೆರಳಿನಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ, ಏಕೆಂದರೆ ಚರ್ಮದಿಂದ ಬರುವ ಸ್ಟ್ಯಾಫಿಲೊಕಾಕಸ್ ಬೇರೆ ಬ್ಯಾಕ್ಟೀರಿಯಾ ಸಹಿಸದಷ್ಟು ಉಪ್ಪನ್ನೂ ಸಹಿಸುತ್ತದೆ. ಊಟಕ್ಕೆ ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ತೆಗೆದುಕೊಂಡು ಶೀಶೆಯನ್ನು ಕೂಡಲೇ ಒಳಗಿಡಿ. ಉಳಿದದ್ದನ್ನು ಶೀಶೆಗೆ ಮರಳಿ ಹಾಕಬೇಡಿ.

ಉತ್ತರ: ಜುಮ್ಮನಕಾಯಿ

ಚೀನೀ ಅಡುಗೆಯ ಬಗ್ಗೆ ನಾನು ಹೇಳುತ್ತೇನೆ. ಗುವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್‌ನ ಅಡುಗೆಮನೆಗಳಲ್ಲಿ ಮಾಡುವ ಉಪ್ಪು ಮೆಣಸಿನ ಬೊಂಡಾಸ್ ಮಾಗಿಸಿದ ಪದಾರ್ಥವಲ್ಲ. ಅಲ್ಲಿ ಉಪ್ಪು ಕೊನೆಗೆ ಬೀಳುವ ಮಸಾಲೆ. ಸಿಚುವಾನ್ ಮೆಣಸನ್ನೂ ಉಪ್ಪನ್ನೂ ಎಣ್ಣೆಯಿಲ್ಲದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಉಪ್ಪಿನ ಬಣ್ಣ ಸ್ವಲ್ಪ ಹಳದಿಗೆ ತಿರುಗುವವರೆಗೆ ಹುರಿದು ಪುಡಿಮಾಡುತ್ತಾರೆ. ಕೆಲವರು ಬಿಳಿ ಕಾಳುಮೆಣಸನ್ನು ಬಳಸುತ್ತಾರೆ. ಬೊಂಡಾಸಿನ ಒಳಮೈಗೆ ಓರೆಯಾಗಿ ಗೀರು ಹಾಕಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಪಿಷ್ಟದ ಹಿಟ್ಟಿನಲ್ಲಿ ಹೊರಳಿಸಿ, ಜೋರು ಕಾದ ಎಣ್ಣೆಯಲ್ಲಿ ಒಂದು ನಿಮಿಷದ ಆಸುಪಾಸು ಮಾತ್ರ ಕರಿಯಬೇಕು. ಬೊಂಡಾಸ್ ಒಂದೋ ಎರಡು ನಿಮಿಷದೊಳಗೆ ಬೇಯಬೇಕು, ಇಲ್ಲವೇ ಮುಕ್ಕಾಲು ಗಂಟೆ ಬೇಯಬೇಕು. ನಡುವೆ ನಿಲ್ಲಿಸಿದರೆ ಗಟ್ಟಿ. ಹುರಿದ ಉಪ್ಪನ್ನು ಕರಿಯುವ ಮೊದಲೇ ಹಾಕಿದರೆ ಅದು ಮಾಂಸದ ನೀರನ್ನು ಎಳೆದು ಹೊರಪದರವನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಕರಿದ ಮೇಲೆ, ಬೆಳ್ಳುಳ್ಳಿ, ಮೆಣಸು, ಈರುಳ್ಳಿ ಸೊಪ್ಪಿನೊಂದಿಗೆ ಬಾಣಲೆಯಲ್ಲಿ ಎರಡು ಸಲ ಹಾರಿಸುವಾಗ ಅದನ್ನು ಉದುರಿಸುತ್ತಾರೆ.

ಸಿಚುವಾನ್ ಮೆಣಸು ನಮಗೆ ಅಪರಿಚಿತವಲ್ಲ. ಉತ್ತರ ಕನ್ನಡ, ದಕ್ಷಿಣ ಕನ್ನಡ, ಗೋವಾಗಳಲ್ಲಿ ಬಂಗುಡೆ, ತಾರ್ಲೆಯ ಸಾರಿಗೆ ಹಾಕುವ ಜುಮ್ಮನಕಾಯಿ, ಅಂದರೆ ಕೊಂಕಣಿಗರ ತಿರ್ಫಲ, ಅದೇ ಕುಲದ ಗಿಡ. ನಾಲಗೆಯನ್ನು ಜುಮ್ಮೆನ್ನಿಸುವ ಗುಣ ಎರಡಕ್ಕೂ ಇದೆ. ಜುಮ್ಮನಕಾಯಿಯ ಬೀಜ ತೆಗೆದು ಸಿಪ್ಪೆಯನ್ನು ಮಾತ್ರ ಉಪ್ಪಿನೊಂದಿಗೆ ಹುರಿದು ಈ ಅಡುಗೆಗೆ ಬಳಸಿದ್ದೇನೆ. ಪರಿಮಳ ಕಿತ್ತಳೆ ಸಿಪ್ಪೆಗಿಂತ ಹಸಿಮರದ ಕಡೆಗೆ ಹೆಚ್ಚು ವಾಲುತ್ತದೆ, ಬೊಂಡಾಸಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಶ್ರೀಲಂಕಾದ ಚೀನೀ ಹೋಟೆಲುಗಳಲ್ಲಿ ಹುಟ್ಟಿದ ಬಿಸಿ ಬೆಣ್ಣೆಯ ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಇದರದೇ ನಂಟು. ಥಾಯ್ಲೆಂಡಿನವರು ಉಪ್ಪಿನಲ್ಲಿಟ್ಟ ಬಾತುಮೊಟ್ಟೆಯ ಹಳದಿಯನ್ನು ಕಿವುಚಿ ಅದರಲ್ಲಿ ಬೊಂಡಾಸ್ ಹುರಿಯುತ್ತಾರೆ. ವಿಯೆಟ್ನಾಮಿನ ಫಾನ್ ತಿಯೆತ್ ಕಡೆ ಒಂದೇ ದಿನದ ಬಿಸಿಲಿಗೆ ಒಣಗಿಸಿ, ಹೊರಗೆ ಗರಿಯಾಗಿ ಒಳಗೆ ತೇವವಾಗಿರುವಾಗಲೇ ಸುಟ್ಟು, ಉಪ್ಪು, ಮೆಣಸು, ನಿಂಬೆರಸದಲ್ಲಿ ಅದ್ದಿ ತಿನ್ನುತ್ತಾರೆ. ಬೆಂಗಳೂರಿನ ತಾರಸಿಯಲ್ಲಿ ಸೊಳ್ಳೆಪರದೆ ಕಟ್ಟಿ ಮಾಡಬಹುದಾದದ್ದು ಇದೊಂದೇ ಎಂದು ನನಗೆ ತೋರುತ್ತದೆ.

ಉತ್ತರ: ಬಂದರು_ರಸ್ತೆ

ಮಂಗಳೂರಿನಿಂದ ಬರೆಯುತ್ತಿದ್ದೇನೆ, ನಮ್ಮ ಕುಟುಂಬ ಮೀನಿನ ವ್ಯಾಪಾರದಲ್ಲಿದೆ. ಪಡುಕರೆಯವರೇ, ಉಪ್ಪಿನ ಬೊಂಡಾಸ್ ನಮ್ಮಲ್ಲಿ ಏಕೆ ಬೆಳೆಯಲಿಲ್ಲ ಎಂಬುದಕ್ಕೆ ಉತ್ತರ ನಮ್ಮ ಮೀನುಗಾರಿಕೆಯಲ್ಲೇ ಇದೆ. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಕರಾವಳಿಯ ಹೊಟ್ಟೆ ತುಂಬಿಸಿದ್ದು ಬಂಗುಡೆ ಮತ್ತು ಬೂತಾಯಿ. ರಾಶಿ ರಾಶಿಯಾಗಿ ಸಿಕ್ಕದ್ದು ಅವು, ಉಪ್ಪು ಹಾಕಿ ಇಡಬೇಕಾಗಿ ಬಂದದ್ದೂ ಅವನ್ನೇ. ಬೊಂಡಾಸಿಗೆ ಬೆಲೆ ಬಂದದ್ದು ಟ್ರಾಲ್ ಬೋಟುಗಳೂ ಮಂಜುಗಡ್ಡೆಯ ಕಾರ್ಖಾನೆಗಳೂ ರಫ್ತೂ ಬೆಳೆದ ಮೇಲೆ. ಆ ಹೊತ್ತಿಗೆ ಮೀನನ್ನು ಉಳಿಸುವ ಕೆಲಸ ಉಪ್ಪಿನಿಂದ ಮಂಜಿಗೆ ದಾಟಿತ್ತು. ಈಗಲೂ ಒಳ್ಳೆಯ ಬೊಂಡಾಸಿನ ದೊಡ್ಡ ಪಾಲು ಗಟ್ಟಿಯಾಗಿ ಹೆಪ್ಪುಗಟ್ಟಿ ಹೊರದೇಶಕ್ಕೆ ಹೋಗುತ್ತದೆ.

ಆದರೆ ಉಪ್ಪಿನಕಾಯಿ ನಮ್ಮಲ್ಲಿ ಉಂಟು. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನಗಳ ಮೊದಲು ಕೆಲವು ಮನೆಗಳಲ್ಲಿ ಸಿಗಡಿಯ ಜೊತೆ ಬೊಂಡಾಸಿನ ಉಪ್ಪಿನಕಾಯಿಯನ್ನೂ ಹಾಕುತ್ತಾರೆ. ನಮ್ಮ ಅಮ್ಮ ಚಿಕ್ಕ ಬೊಂಡಾಸಿನ ತುಂಡುಗಳಿಗೆ ಅರಿಶಿನ, ಉಪ್ಪು ಸವರಿ, ನೀರು ಹಾಕದೆ ಮುಚ್ಚಿ ಬೇಯಿಸುತ್ತಾರೆ. ಅದು ತಾನೇ ಬಿಟ್ಟ ನೀರಿನಲ್ಲಿ ಬೆಂದು, ಆ ನೀರು ಪೂರ್ತಿ ಇಂಗಿ, ತುಂಡುಗಳು ಪಾತ್ರೆಯ ತಳದಲ್ಲಿ ಚಟಪಟ ಸದ್ದು ಮಾಡಲು ತೊಡಗಿದಾಗ ಎಳ್ಳೆಣ್ಣೆ ಹಾಕಿ ಅಂಚು ಕೆಂಪಾಗುವವರೆಗೆ ಹುರಿಯುತ್ತಾರೆ. ಬೇರೆ ಬಾಣಲೆಯಲ್ಲಿ ಸಾಸಿವೆ, ಮೆಂತೆ, ಕರಿಬೇವು, ಧಾರಾಳ ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಉರಿ ಆರಿಸಿದ ಮೇಲೆ ಬ್ಯಾಡಗಿ ಪುಡಿ ಸೇರಿಸಿ, ಕುದಿಸಿ ಆರಿಸಿದ ವಿನೆಗರ್ ಸುರಿಯುತ್ತಾರೆ. ತುಂಡುಗಳು ಪೂರ್ತಿ ಮುಳುಗಿರಬೇಕು. ಮೇಲೆ ಎದ್ದ ತುಂಡಿಗೆ ಬೂಸಲು ಹಿಡಿಯುತ್ತದೆ. ಇದರಲ್ಲಿ ಕಾಪಾಡುವ ಕೆಲಸ ಹುಳಿಯದು, ಆದ್ದರಿಂದ ವಿನೆಗರನ್ನು ನೀರು ಬೆರೆಸಿ ತೆಳುಮಾಡಬಾರದು. ಮಾಗಿದ ರುಚಿ ಇಲ್ಲವೆಂದು ಬುಸಾನಿನವರು ಹೇಳಿದ ಕೊರತೆ ಇಲ್ಲಿ ಕಾಣುವುದಿಲ್ಲ ಎಂಬುದು ನನ್ನ ಗಟ್ಟಿಯಾದ ಅನಿಸಿಕೆ. ನಿಧಾನವಾಗಿ ಹುರಿದಾಗ ಬರುವ ಕಂದುಬಣ್ಣವೇ ಆ ಆಳವನ್ನು ಕೊಡುತ್ತದೆ.

ಉತ್ತರ: ಹೊಕ್ಕೈಡೊ_ಕನ್ನಡಿಗ

ಬುಸಾನಿನವರು ಹೇಳಿದ ಕ್ರಮಕ್ಕೆ ಒಂದು ಸೇರ್ಪಡೆಯನ್ನು ಸೂಚಿಸುತ್ತೇನೆ. ಇಶಿಕಾವಾ ಪ್ರಾಂತ್ಯದ ನೊತೊ ಪರ್ಯಾಯದ್ವೀಪದಲ್ಲಿ ಬೊಂಡಾಸಿನ ಒಳಭಾಗವನ್ನು ಬಹಳಷ್ಟು ಉಪ್ಪಿನೊಂದಿಗೆ ಪೀಪಾಯಿಯಲ್ಲಿ ತುಂಬಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಟ್ಟು, ಕೆಳಗಿಳಿದ ತಿಳಿಯನ್ನು ತೆಗೆದು ಕುದಿಸಿ ಸೋಸುತ್ತಾರೆ. ಇಶಿರಿ ಎಂಬ ಈ ಕಂದು ದ್ರವ ಶಿಯೊಕಾರಾದ ಕಿಣ್ವಗಳ ಕೆಲಸವನ್ನೇ ಕೊನೆಯ ಹಂತದವರೆಗೆ ಒಯ್ದದ್ದು. ಮಾಂಸವೇ ಉಳಿಯದೆ ರುಚಿ ಮಾತ್ರ ಉಳಿದಿರುತ್ತದೆ. ಅದೇ ನೊತೊದ ಇನ್ನೊಂದು ತೀರದಲ್ಲಿ ಬೂತಾಯಿಯಂಥ ಮೀನುಗಳಿಂದ ಇದನ್ನು ಮಾಡುತ್ತಾರೆ. 2024ರ ಜನವರಿ 1ರ ಭೂಕಂಪ ಆ ಪ್ರದೇಶವನ್ನು ತೀವ್ರವಾಗಿ ಜರ್ಜರಿತಗೊಳಿಸಿತು. ಆದ್ದರಿಂದ ಅಲ್ಲಿನ ಶೀಶೆ ಎಲ್ಲಿಯಾದರೂ ಕಂಡರೆ ಕೊಳ್ಳಿರಿ ಎಂದು ನಾನು ಪರಿಚಿತರೆಲ್ಲರಿಗೂ ಹೇಳುತ್ತೇನೆ.

ಉಪ್ಪು ಹೆಚ್ಚಿರುವುದರಿಂದ ಇದನ್ನು ಹನಿಗಳ ಲೆಕ್ಕದಲ್ಲಿ ಬಳಸಬೇಕು. ನೊತೊದವರು ದೊಡ್ಡ ಸ್ಕ್ಯಾಲಪ್ ಚಿಪ್ಪನ್ನೇ ಕೆಂಡದ ಮೇಲಿಟ್ಟು, ನೀರು ಬೆರೆಸಿದ ಇಶಿರಿಯಲ್ಲಿ ಮೂಲಂಗಿ, ಬದನೆ, ಬೊಂಡಾಸಿನ ತುಂಡುಗಳನ್ನು ಬೇಯಿಸುತ್ತಾರೆ. ಬುಸಾನಿನವರ ಕ್ರಮದಲ್ಲಿ 25 ಗ್ರಾಂ ಉಪ್ಪನ್ನು 20ಕ್ಕೆ ಇಳಿಸಿ, ಕಲಸುವಾಗ ಒಂದು ಚಮಚ ಇಶಿರಿ ಹಾಕಿದರೆ, ಬೇಯಿಸಿದ ಬೊಂಡಾಸಿಗೂ ಮಾಗಿದ ರುಚಿ ಬರುತ್ತದೆ. ಇಶಿರಿ ಸಿಗದಿದ್ದರೆ ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವ ಥಾಯ್ಲೆಂಡಿನ ಮೀನಿನ ಸಾಸ್ ಸಾಕು.